ಮಾಸ್ಟ್ರು ಹೋದರೋ, ಹುದ್ದೆಯೇ ಹೋಯಿತೋ?

ಶಿಕ್ಷಕರ ವರ್ಗಾವಣೆ ಕೌನ್ಸೆಲಿಂಗ್ ಮುಗಿದ ಮೇಲೆ ನಮ್ಮ ಕರಾವಳಿಯ ಹಳ್ಳಿಗಳಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ: "ಗಣಿತದ ಮಾಸ್ಟ್ರಿಗೆ ವರ್ಗ ಆಯ್ತಂತೆ, ಬದಲಿಗೆ ಯಾರೂ ಬರ್ಲಿಲ್ಲ." ಬೆಳಿಗ್ಗೆ ಮದ್ರಸ ಬಿಟ್ಟು ಶಾಲೆಗೆ ಓಡುವ ಮಕ್ಕಳ ಬಾಯಲ್ಲೂ ಅದೇ ಸುದ್ದಿ. ತಾಯಂದಿರಿಗೆ ಚಿಂತೆ, ತಂದೆಯಂದಿರಿಗೆ ಸಿಟ್ಟು. ಆ ಸಿಟ್ಟು ಹೆಚ್ಚಾಗಿ ಹೋದ ಮಾಸ್ಟ್ರ ಮೇಲೆಯೇ ಬೀಳುತ್ತದೆ. ಮುಂದಿನ ಜೂನ್‌ನಲ್ಲಿ ಎರಡು ಮೂರು ಮನೆಯವರು ಮಕ್ಕಳನ್ನು ಖಾಸಗಿ ಶಾಲೆಯ ವ್ಯಾನ್ ಹತ್ತಿಸುತ್ತಾರೆ.

ಸಿಟ್ಟು ಮಾಡುವ ಮೊದಲು ನಾವು ಕೇಳಬೇಕಾದ ಪ್ರಶ್ನೆ ಒಂದುಂಟು. ಹೋದದ್ದು ಮಾಸ್ಟ್ರು ಮಾತ್ರವೋ, ಅವರ ಜತೆಗೆ ಹುದ್ದೆಯೂ ಹೋಯಿತೋ? ನೋಡಲು ಎರಡೂ ಒಂದೇ ಥರ ಕಾಣುತ್ತವೆ, ತರಗತಿಯಲ್ಲಿ ಕುರ್ಚಿ ಖಾಲಿ. ಆದರೆ ಕಾರಣ ಬೇರೆ, ಪರಿಹಾರವೂ ಬೇರೆ. ಇದು ತಿಳಿಯದೆ ಹೋದರೆ ನಮ್ಮ ಮನವಿ ತಪ್ಪು ಬಾಗಿಲಿಗೆ ಹೋಗುತ್ತದೆ.

ಕೋರಿಕೆ ವರ್ಗಾವಣೆ

ಮೊದಲನೆಯದು ಶಿಕ್ಷಕರೇ ಕೇಳಿ ಪಡೆಯುವ ವರ್ಗಾವಣೆ. ಹಿಂದೆ ಇದಕ್ಕೆ ಶಿಫಾರಸು ಪತ್ರ ಹಿಡಿದು ಓಡಾಡಬೇಕಿತ್ತು. ಅದನ್ನು ತಡೆಯಲು ಕರ್ನಾಟಕದಲ್ಲಿ 2007ರಲ್ಲಿ ಶಿಕ್ಷಕರ ವರ್ಗಾವಣೆಗೆ ಪ್ರತ್ಯೇಕ ಕಾಯ್ದೆ ಬಂತು, ಅದರ ಜಾಗಕ್ಕೆ 2020ರಲ್ಲಿ ಹೊಸ ಕಾಯ್ದೆ ಬಂತು. ಈಗ ಊರುಗಳನ್ನು ಎ, ಬಿ, ಸಿ ಎಂದು ವಲಯ ಮಾಡಿ, ಸೇವೆಯ ಲೆಕ್ಕ ಹಾಕಿ, ಗಂಡ-ಹೆಂಡತಿ ಇಬ್ಬರೂ ನೌಕರಿಯಲ್ಲಿದ್ದವರು, ವಿಧವೆಯರು, ಅಂಗವಿಕಲರು, ಗಂಭೀರ ಕಾಯಿಲೆ ಇರುವವರು ಮುಂತಾದವರಿಗೆ ಆದ್ಯತೆ ಕೊಟ್ಟು ಕಂಪ್ಯೂಟರ್ ಕೌನ್ಸೆಲಿಂಗ್ ಮೂಲಕ ಸ್ಥಳ ಕೊಡುತ್ತಾರೆ.

ನಮ್ಮ ಎರಡು ಜಿಲ್ಲೆಗಳ ಶಾಲೆಗಳಲ್ಲಿ ಘಟ್ಟದ ಮೇಲಿನಿಂದ, ಉತ್ತರ ಕರ್ನಾಟಕದಿಂದ ಬಂದ ಶಿಕ್ಷಕರು ಬಹಳ ಜನ ಇದ್ದಾರೆ. ಬಂದ ಹೊಸತರಲ್ಲಿ ಅವರ ಕನ್ನಡ ನಮ್ಮ ಮಕ್ಕಳಿಗೆ ಅರ್ಥ ಆಗುವುದಿಲ್ಲ, ಮಕ್ಕಳ ಬ್ಯಾರಿ, ತುಳು ಅವರಿಗೆ ಅರ್ಥ ಆಗುವುದಿಲ್ಲ. ಎರಡು ಮೂರು ಮಳೆಗಾಲ ಕಳೆದ ಮೇಲೆ ಹೊಂದಿಕೊಳ್ಳುತ್ತಾರೆ. ಒಳ್ಳೆಯ ಮಾಸ್ಟ್ರು ಅಂತ ಹೆಸರು ಬರುವ ಹೊತ್ತಿಗೆ ಊರಿಗೆ ಹೋಗುವ ಅವಕಾಶ ಸಿಗುತ್ತದೆ. ವಯಸ್ಸಾದ ತಂದೆ-ತಾಯಿಯನ್ನು ನಾನೂರು ಐನೂರು ಕಿಲೋಮೀಟರ್ ದೂರದಲ್ಲಿ ಬಿಟ್ಟು ಬಂದವರು ಅವರು. ಗಲ್ಫ್‌ನಲ್ಲಿ ದುಡಿಯುವವರ ಮನೆಯಲ್ಲಿ ಬೆಳೆದ ನಮಗೆ ಆ ಸಂಕಟವನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಹೀಗೆ ಹೋಗುವಾಗ ಅವರಿಗೂ ನಷ್ಟ ಉಂಟು. ಪ್ರಾಥಮಿಕ ಶಿಕ್ಷಕರ ಜ್ಯೇಷ್ಠತೆ ಜಿಲ್ಲಾವಾರು. ಕೋರಿಕೆಯ ಮೇಲೆ ಬೇರೆ ಜಿಲ್ಲೆಗೆ ಹೋದವರು ಅಲ್ಲಿನ ಪಟ್ಟಿಯ ಕೆಳಗೆ ನಿಲ್ಲಬೇಕು, ಬಡ್ತಿಯ ಸರದಿ ಹಿಂದೆ ಬೀಳುತ್ತದೆ. ಅದನ್ನೆಲ್ಲ ಒಪ್ಪಿಕೊಂಡೇ ಹೋಗುತ್ತಾರೆ. ಹಾಗಾಗಿ ಹೋದವರನ್ನು ಬೈಯುವುದು ನ್ಯಾಯವಲ್ಲ. ಅವರು ಹೋದ ಮೇಲೂ ಹುದ್ದೆ ನಮ್ಮ ಶಾಲೆಯಲ್ಲೇ ಉಳಿದಿರುತ್ತದೆ, ಅದನ್ನು ತುಂಬುವುದು ಸರಕಾರದ ಹೊಣೆ. ಶಿಕ್ಷಣ ಹಕ್ಕು ಕಾಯ್ದೆಯ 26ನೇ ಕಲಂ ಪ್ರಕಾರ ಸರಕಾರಿ ಶಾಲೆಯಲ್ಲಿ ಮಂಜೂರಾದ ಹುದ್ದೆಗಳ ಪೈಕಿ ಶೇ. 10ಕ್ಕಿಂತ ಹೆಚ್ಚು ಖಾಲಿ ಇರಬಾರದು. ಐದು ಹುದ್ದೆಯ ಶಾಲೆಯಲ್ಲಿ ಒಂದು ಖಾಲಿ ಬಿದ್ದರೂ ಶೇ. 20 ಆಯಿತು. ಅಂದರೆ ಸಣ್ಣ ಶಾಲೆಗಳ ಮಟ್ಟಿಗೆ ಒಂದೇ ಒಂದು ಖಾಲಿ ಹುದ್ದೆಯೂ ಕಾನೂನಿನ ಮಿತಿ ಮೀರಿದಂತೆ.

ಹೆಚ್ಚುವರಿ ಎಂಬ ಲೆಕ್ಕ

ಎರಡನೆಯದು ಇದಕ್ಕಿಂತ ಅಪಾಯದ್ದು. ಮಕ್ಕಳ ಸಂಖ್ಯೆ ಕಡಿಮೆಯಾದರೆ ಶಿಕ್ಷಕರನ್ನು 'ಹೆಚ್ಚುವರಿ' ಎಂದು ಗುರುತಿಸಿ ಬೇರೆ ಶಾಲೆಗೆ ಕಳುಹಿಸುತ್ತಾರೆ. ಇಲ್ಲಿ ಹುದ್ದೆಯೇ ಶಾಲೆಯಿಂದ ಕೈಬಿಟ್ಟು ಹೋಗುತ್ತದೆ.

ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯನ್ನು ನೋಡುವ. ಒಂದರಿಂದ ಐದನೇ ತರಗತಿಗೆ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 61ರಿಂದ 90ರವರೆಗೆ ಮೂವರು, 91ರಿಂದ 120ರವರೆಗೆ ನಾಲ್ವರು, 121ರಿಂದ 200ರವರೆಗೆ ಐವರು. ಈಗ 62 ಮಕ್ಕಳಿರುವ ಒಂದು ಶಾಲೆ ಉಂಟು ಅಂತ ಇಟ್ಟುಕೊಳ್ಳಿ. ಮೂರು ಮನೆಯವರು ಒಂದೊಂದು ಮಗುವನ್ನು ಬಿಡಿಸಿದರೆ ಸಂಖ್ಯೆ 59. ಲೆಕ್ಕದ ಪ್ರಕಾರ ಮೂರನೇ ಶಿಕ್ಷಕ ಹೆಚ್ಚುವರಿ. ಉಳಿದ 59 ಮಕ್ಕಳ ಐದು ತರಗತಿಗಳಿಗೆ ಇನ್ನು ಇಬ್ಬರೇ. ಅದರಲ್ಲಿ ಒಬ್ಬರು ಮುಖ್ಯ ಶಿಕ್ಷಕರ ಜವಾಬ್ದಾರಿಯಲ್ಲಿದ್ದರೆ ಮೀಟಿಂಗ್, ಬಿಸಿಯೂಟದ ಲೆಕ್ಕ, ಆನ್‌ಲೈನ್ ದಾಖಲೆ ಎಂದು ಅರ್ಧ ದಿನ ಅದಕ್ಕೇ ಹೋಯಿತು.

ಪೋಷಕರ ಮೇಲೆ ತಪ್ಪು ಹೊರಿಸುವುದು ಸುಲಭ. ಆದರೆ ಮಗುವನ್ನು ಬಿಡಿಸಿದ ತಾಯಿಯನ್ನು ಕೇಳಿ ನೋಡಿ, "ಟೀಚರೇ ಇಲ್ಲದ ಶಾಲೆಗೆ ಕಳಿಸಿ ಏನು ಮಾಡ್ಲಿ?" ಅನ್ನುತ್ತಾಳೆ. ಅವಳ ಮಾತೂ ಸರಿಯೇ. ಟೀಚರ್ ಇಲ್ಲ ಎಂದು ಮಕ್ಕಳು ಹೋಗುತ್ತಾರೆ, ಮಕ್ಕಳಿಲ್ಲ ಎಂದು ಇನ್ನೊಬ್ಬ ಟೀಚರ್ ಹೋಗುತ್ತಾರೆ. ಖಾಲಿ ಬಿದ್ದ ಹುದ್ದೆಯನ್ನು ಸಕಾಲದಲ್ಲಿ ತುಂಬದೆ ಇರುವುದರಿಂದ ಈ ಸುತ್ತು ಶುರುವಾಗುತ್ತದೆ. ಕೊನೆಗೆ ಶಾಲೆಯಲ್ಲಿ ಉಳಿಯುವುದು ವ್ಯಾನ್ ಫೀಸು ಕಟ್ಟಲು ಆಗದ ಮನೆಯ ಮಕ್ಕಳು. ಅವರಲ್ಲಿ ನಮ್ಮ ಮಕ್ಕಳು ಕಡಿಮೆ ಇಲ್ಲ.

ಬಡ್ತಿಯ ಗಂಟು

ಇನ್ನು ಬಡ್ತಿಯ ವಿಚಾರ. ಸರಕಾರಿ ನೌಕರರಿಗೆ ಒಂದೇ ಹುದ್ದೆಯಲ್ಲಿ 10 ವರ್ಷ ಆದಾಗ ಕಾಲಮಿತಿ ಬಡ್ತಿ, 15 ವರ್ಷಕ್ಕೆ ಸ್ವಯಂಚಾಲಿತ ವಿಶೇಷ ಬಡ್ತಿ ಎಂದು ವೇತನ ಶ್ರೇಣಿ ಏರುತ್ತದೆ. ಹೆಸರಿಗೆ ಬಡ್ತಿ, ಆದರೆ ಹುದ್ದೆ ಅದೇ, ತರಗತಿಯೂ ಅದೇ. ನಿಜವಾದ ಬಡ್ತಿಯಲ್ಲಿ ಗಂಟು ಬಿದ್ದದ್ದು 2017ರ ವೃಂದ ಮತ್ತು ನೇಮಕಾತಿ ನಿಯಮದ ನಂತರ. ಆಗ ಪ್ರಾಥಮಿಕ ಶಿಕ್ಷಕರನ್ನು ಎರಡು ಪಾಲು ಮಾಡಿದರು. ಒಂದರಿಂದ ಐದಕ್ಕೆ ಪಿಎಸ್‌ಟಿ, ಆರರಿಂದ ಎಂಟಕ್ಕೆ ಪದವೀಧರ ಶಿಕ್ಷಕರು, ಅಂದರೆ ಜಿಪಿಟಿ. ಅದಕ್ಕೆ ಮೊದಲು ಒಂದರಿಂದ ಏಳರವರೆಗೆ ಕಲಿಸಲು ನೇಮಕವಾಗಿ, ಪದವಿಯೂ ಇದ್ದು, ವರ್ಷಗಟ್ಟಲೆ ಏಳನೇ ತರಗತಿಗೆ ಗಣಿತ ಹೇಳಿಕೊಟ್ಟವರೂ ಪಿಎಸ್‌ಟಿ ಪಟ್ಟಿಗೆ ಸೇರಿಬಿಟ್ಟರು. ಈ ನೋವನ್ನು ಹೇಳಿಕೊಳ್ಳಲು 2024ರ ಆಗಸ್ಟ್‌ನಲ್ಲಿ ರಾಜ್ಯದ ಪ್ರಾಥಮಿಕ ಶಿಕ್ಷಕರು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಸೇರಿದ್ದರು.

ಇತ್ತ ಜಿಪಿಟಿ ಹುದ್ದೆಗೆ ಹೊಸ ನೇಮಕ ಎಂದು 2022ರಲ್ಲಿ 15,000 ಹುದ್ದೆ ಕರೆದರು. ವಿವಾಹಿತ ಮಹಿಳಾ ಅಭ್ಯರ್ಥಿಗಳ ಪ್ರಮಾಣಪತ್ರ ತಂದೆಯ ಹೆಸರಲ್ಲಿರಬೇಕೋ ಗಂಡನ ಹೆಸರಲ್ಲಿರಬೇಕೋ ಎಂಬ ತಕರಾರು ಹೈಕೋರ್ಟ್‌ಗೆ ಹೋಗಿ, ಆಯ್ಕೆಯಾದವರು ಶಾಲೆ ಮುಟ್ಟುವಾಗ 2023 ಮುಗಿಯುತ್ತಾ ಬಂದಿತ್ತು. ಆ ಸಮಯದಲ್ಲಿ ಆರು, ಏಳನೇ ತರಗತಿಯಲ್ಲಿದ್ದ ಮಕ್ಕಳು ಗಣಿತ, ವಿಜ್ಞಾನದ ಕಾಯಂ ಶಿಕ್ಷಕರಿಲ್ಲದೆಯೇ ಹೈಸ್ಕೂಲಿಗೆ ಹೋದದ್ದುಂಟು.

ಇದರ ಮೇಲೆ ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ಕೊಟ್ಟ ತೀರ್ಪು. ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಅವಧಿ ಇರುವ ಶಿಕ್ಷಕರು ಎರಡು ವರ್ಷದೊಳಗೆ ಟಿಇಟಿ ಪಾಸಾಗಬೇಕು. ಐದು ವರ್ಷಕ್ಕಿಂತ ಕಡಿಮೆ ಇದ್ದವರು ಹಾಗೆಯೇ ಮುಂದುವರಿಯಬಹುದು, ಆದರೆ ಬಡ್ತಿ ಬೇಕಾದರೆ ಅವರಿಗೂ ಟಿಇಟಿ ಬೇಕು. ಅಲ್ಪಸಂಖ್ಯಾತ ಸಂಸ್ಥೆಗಳ ಶಾಲೆಗಳಿಗೆ ಇದು ಅನ್ವಯವಾಗುತ್ತದೋ ಎಂಬ ಪ್ರಶ್ನೆಯನ್ನು ದೊಡ್ಡ ಪೀಠದ ಮುಂದಿಡಲು ಕಳುಹಿಸಲಾಯಿತು. ನಮ್ಮ ಆಡಳಿತ ಮಂಡಳಿಗಳು ಇದನ್ನು ಗಮನದಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. ಅಂತಿಮ ಉತ್ತರ ಬರುವವರೆಗೆ ಕಾಯುವ ಬದಲು ಈಗಲೇ ಪರೀಕ್ಷೆ ಬರೆದಿಟ್ಟರೆ ಶಿಕ್ಷಕಿಯರಿಗೆ ನಷ್ಟವೇನೂ ಇಲ್ಲ.

ಅತಿಥಿ ಶಿಕ್ಷಕಿಯ ಲೆಕ್ಕ

ಖಾಲಿ ಹುದ್ದೆಯನ್ನು ಸರಕಾರ ತುಂಬುವುದು ಅತಿಥಿ ಶಿಕ್ಷಕರಿಂದ. ಈ ಮಾತು ನೇರವಾಗಿ ನಮ್ಮ ಮನೆಗೆ ಬರುತ್ತದೆ. ಕಳೆದ ಹದಿನೈದು ಇಪ್ಪತ್ತು ವರ್ಷಗಳಲ್ಲಿ ನಮ್ಮ ಹೆಣ್ಣುಮಕ್ಕಳು ಡಿಎಡ್, ಬಿಎಡ್ ಮಾಡಿ ಮುಂದೆ ಬಂದಿದ್ದಾರೆ. ಅವರಲ್ಲಿ ಹಲವರು ಊರಿನ ಸರಕಾರಿ ಶಾಲೆಯಲ್ಲಿ ಅತಿಥಿ ಶಿಕ್ಷಕಿಯರು.

2025-26ರ ಬಜೆಟ್‌ನಲ್ಲಿ ಗೌರವಧನವನ್ನು 2,000 ರೂಪಾಯಿ ಹೆಚ್ಚಿಸಿದ ಮೇಲೆ ಪ್ರಾಥಮಿಕ ಶಾಲೆಯಲ್ಲಿ ತಿಂಗಳಿಗೆ 12,000, ಪ್ರೌಢಶಾಲೆಯಲ್ಲಿ 12,500. ಇತ್ತ 2024ರ ಆಗಸ್ಟ್ 1ರಿಂದ ಜಾರಿಯಾದ 7ನೇ ವೇತನ ಆಯೋಗದ ಪ್ರಕಾರ ರಾಜ್ಯ ಸರಕಾರಿ ನೌಕರರ ಅತಿ ಕಡಿಮೆ ಮೂಲವೇತನವೇ 27,000. ಅಂದರೆ ಕಚೇರಿಯಲ್ಲಿ ಅತಿ ಕೆಳಗಿನ ದರ್ಜೆಯಲ್ಲಿ ಇರುವವರ ಮೂಲವೇತನದ ಅರ್ಧವೂ ಬಿಎಡ್ ಮುಗಿಸಿ ಪಾಠ ಮಾಡುವವಳಿಗೆ ಇಲ್ಲ. 12,000ವನ್ನು ಮೂವತ್ತು ದಿನಕ್ಕೆ ಭಾಗಿಸಿದರೆ 400. ಈ ದರಕ್ಕೆ ಅಡಿಕೆ ತೋಟದ ಕೆಲಸಕ್ಕೆ ಜನ ಸಿಗುವುದಿಲ್ಲ. ಅದೂ ಶಾಲೆ ನಡೆಯುವ ತಿಂಗಳುಗಳಿಗೆ ಮಾತ್ರ. ಎಪ್ರಿಲ್, ಮೇ ಬಂದರೆ ಕೈ ಖಾಲಿ. ವರ್ಗಾವಣೆಯಲ್ಲೋ ಹೊಸ ನೇಮಕದಲ್ಲೋ ಕಾಯಂ ಶಿಕ್ಷಕರು ಬಂದರೆ ಮರುದಿನದಿಂದ ಕೆಲಸವೇ ಇಲ್ಲ.

ಇಲ್ಲಿ ಒಂದು ವಿಷಯವನ್ನು ಬಿಡಿಸಿ ಹೇಳಬೇಕು. ಅತಿಥಿ ಶಿಕ್ಷಕಿ ಬಂದಳು ಎಂದು ನಾವು ಸಮಾಧಾನ ಪಟ್ಟು ಸುಮ್ಮನಾದರೆ ಖಾಲಿ ಹುದ್ದೆಯ ಬಗ್ಗೆ ಮತ್ತೆ ಯಾರೂ ಕೇಳುವುದಿಲ್ಲ. ಕಡಿಮೆ ಖರ್ಚಿನಲ್ಲಿ ಕೆಲಸ ನಡೆಯುತ್ತಿರುವಾಗ ಸರಕಾರಕ್ಕೂ ಅವಸರ ಇರುವುದಿಲ್ಲ. ನಮ್ಮ ಮಗಳ ದುಡಿಮೆಯೇ ಆ ಖಾಲಿ ಕುರ್ಚಿಯನ್ನು ಮುಚ್ಚಿ ಹಾಕುತ್ತದೆ. ಅವಳಿಗೆ ಕೊಡುವ ಹಣ ಹೆಚ್ಚಾಗಬೇಕು, ಹುದ್ದೆಯನ್ನು ಕಾಯಂ ಆಗಿ ತುಂಬಬೇಕು ಎಂಬ ಎರಡು ಬೇಡಿಕೆಗಳನ್ನು ಒಟ್ಟಿಗೇ ಇಡಬೇಕು.

ಅಂಥ ಹೆಣ್ಣುಮಕ್ಕಳಿರುವ ಮನೆಯವರಿಗೆ ಒಂದು ಮಾತು. ಟಿಇಟಿಯಲ್ಲಿ ಎರಡು ಪತ್ರಿಕೆ: ಒಂದರಿಂದ ಐದಕ್ಕೆ ಮೊದಲನೆಯದು, ಆರರಿಂದ ಎಂಟಕ್ಕೆ ಎರಡನೆಯದು. ಒಂದೊಂದೂ 150 ಅಂಕದ್ದು. ಒಮ್ಮೆ ಪಾಸಾದರೆ ಈಗ ಜೀವನಪೂರ್ತಿ ಮಾನ್ಯ. ಕಾಯಂ ನೇಮಕ ಯಾವಾಗ ಕರೆಯುತ್ತಾರೋ ಹೇಳಲು ಬರುವುದಿಲ್ಲ, ಆದರೆ ಕರೆದ ದಿನ ಟಿಇಟಿ ಇಲ್ಲದವರಿಗೆ ಬಾಗಿಲು ಮುಚ್ಚಿರುತ್ತದೆ. ಮದುವೆಯಾದ ಮೇಲೆಯೂ ಪರೀಕ್ಷೆಗೆ ಕೂರಲು ಅವಳಿಗೆ ಸಮಯ ಮಾಡಿಕೊಡಿ.

ಎಸ್‌ಡಿಎಂಸಿಯಲ್ಲಿ ಕೇಳಬೇಕಾದದ್ದು

ಹಾಗಾದರೆ ನಮ್ಮ ಕೈಯಲ್ಲಿ ಏನುಂಟು? ಎಸ್‌ಡಿಎಂಸಿ ಉಂಟು. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲಾ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ಗಂಡಸರು ಪರದೇಶದಲ್ಲಿರುವ ನಮ್ಮ ಮನೆಗಳಲ್ಲಿ ಶಾಲೆಯ ಮೀಟಿಂಗಿಗೆ ಹೋಗುವವಳು ತಾಯಿಯೇ. ಹೋಗಿ ರುಜು ಹಾಕಿ ಬರುವ ಬದಲು ಅವಳು ಮೂರು ಪ್ರಶ್ನೆ ಕೇಳಲಿ. ನಮ್ಮ ಶಾಲೆಗೆ ಮಂಜೂರಾದ ಹುದ್ದೆ ಎಷ್ಟು? ಈಗ ಕಾಯಂ ಶಿಕ್ಷಕರು ಎಷ್ಟು ಜನ? ದಾಖಲಾತಿ ಎಷ್ಟು, ಇನ್ನೆಷ್ಟು ಮಕ್ಕಳು ಕಡಿಮೆಯಾದರೆ ಒಂದು ಹುದ್ದೆ ಹೋಗುತ್ತದೆ?

ಉತ್ತರ ಸಿಕ್ಕಿದ ಮೇಲೆ ದಾರಿ ಸ್ಪಷ್ಟ. ಹುದ್ದೆ ಇದ್ದು ಖಾಲಿ ಇದ್ದರೆ ಎಸ್‌ಡಿಎಂಸಿಯಲ್ಲಿ ನಿರ್ಣಯ ಮಾಡಿ, 26ನೇ ಕಲಂ ಉಲ್ಲೇಖಿಸಿ ಕ್ಷೇತ್ರ ಶಿಕ್ಷಣಾಧಿಕಾರಿಗೂ ಜಿಲ್ಲೆಯ ಉಪನಿರ್ದೇಶಕರಿಗೂ ಪತ್ರ ಕೊಡಬೇಕು, ಸ್ವೀಕೃತಿ ಪಡೆದು ಇಟ್ಟುಕೊಳ್ಳಬೇಕು. ಹುದ್ದೆಯೇ ಹೋಗುವ ಅಂಚಿನಲ್ಲಿದ್ದರೆ ಪತ್ರದಿಂದ ಮಾತ್ರ ಆಗುವುದಿಲ್ಲ. ಜೂನ್‌ಗೆ ಮೊದಲೇ ಮನೆ ಮನೆಗೆ ಹೋಗಿ, ಒಂದನೇ ತರಗತಿಗೆ ಸೇರುವ ವಯಸ್ಸಿನ ಮಕ್ಕಳ ಪಟ್ಟಿ ಮಾಡಬೇಕು. ಅಂಗನವಾಡಿಯಲ್ಲಿ ಕೇಳಿದರೆ ಹೆಸರು ಸಿಗುತ್ತದೆ. ಜಮಾಅತಿನ ಸಭೆಯಲ್ಲಿ ಐದು ನಿಮಿಷ ಈ ಮಾತಿಗೆ ಕೊಟ್ಟರೂ ಸಾಕು.

ಆರೆಂಟು ವರ್ಷ ನಮ್ಮ ಮಕ್ಕಳಿಗೆ ಕಲಿಸಿ ಊರಿಗೆ ಹೊರಟು ನಿಂತ ಮಾಸ್ಟ್ರನ್ನು ಶಾಲು ಹೊದಿಸಿ, ಹಾರೈಸಿ ಕಳುಹಿಸುವ. ಮರುದಿನ ಬೆಳಿಗ್ಗೆ ಆ ಪತ್ರದ ಕೆಲಸ ಶುರು ಮಾಡುವ.