ಮೀಟರ್ ನಲವತ್ತು ಅಂದ್ರೆ ನಂಬೋದಾ?

ಹಾಸ್ಟೆಲ್ಲಲ್ಲಿ ನಾವು ನಾಲ್ಕು ಜನ ಸೇರಿ ಓಡಿಸೋ ಹಳೇ ಸ್ಪ್ಲೆಂಡರ್‌ಗೆ ಹೋದ ಸೆಮಿಸ್ಟರ್ ಹೊಸ ಮೀಟರ್ ಹಾಕಿದ್ವಿ. ಹಳೆಯದರ ಮುಳ್ಳು ಸೊನ್ನೆ ಬಿಟ್ಟು ಏಳ್ತಾನೇ ಇರಲಿಲ್ಲ. ತಂದದ್ದು ಡಿಜಿಟಲ್, 'ಎಲ್ಲಾ ಬೈಕಿಗೂ ಆಗುತ್ತೆ' ಅಂತ ಡಬ್ಬದ ಮೇಲೇ ಇತ್ತು. ಮುಂದಿನ ಚಕ್ರಕ್ಕೆ ಮ್ಯಾಗ್ನೆಟ್, ಫೋರ್ಕಿಗೆ ಸೆನ್ಸರ್. ಅಂಕಿ ಓಡಿತು, ಕೆಲಸ ಮುಗೀತು ಅಂದ್ಕೊಂಡ್ವಿ.

ಮೊದಲು ಮೈಲೇಜ್ ಬಿತ್ತು. ಲೀಟರಿಗೆ 60 ಕೊಡ್ತಿದ್ದ ಗಾಡಿ 50ಕ್ಕೆ ಇಳೀತು. ಕಾರ್ಬುರೇಟರ್ ಬಿಚ್ಚಿಸಿ ಟ್ಯೂನ್ ಮಾಡಿಸಿದ್ದು ದಂಡ. ಆಮೇಲೆ ಒಬ್ಬ ಜೂನಿಯರ್ ಗಾಡಿ ಕೇಳಿ ತಗೊಂಡು ಹೋಗಿ, ತಿರುವಿನಲ್ಲಿ ಜಾರಿ ಮೊಣಕೈ ಕೆತ್ತಿಸಿಕೊಂಡು ಬಂದ. "ಅಣ್ಣಾ, ನಲವತ್ತರಲ್ಲೇ ಇದ್ದೆ" ಅಂದ. ಸುಳ್ಳು ಹೇಳ್ತೀಯಾ ಅಂತ ಎಲ್ಲರೂ ಸೇರಿ ಬೈದ್ವಿ.

ಅವನು ಹೇಳಿದ್ದು ನಿಜ. ಒಂದು ಭಾನುವಾರ ನೇರ ರಸ್ತೆಯಲ್ಲಿ ಒಂದೇ ವೇಗದಲ್ಲಿ ಓಡಿಸಿ, ಹಿಂದೆ ಕೂತವನು ಫೋನಿನ ಜಿಪಿಎಸ್ ನೋಡಿದಾಗ ಮೀಟರಿನ 40 ಅಂದ್ರೆ ನಿಜವಾಗಿ 48. ವೇಗ 1.2 ಪಟ್ಟಾದ್ರೆ ಬ್ರೇಕ್ ಹಿಡಿದು ನಿಲ್ಲೋ ದೂರ 1.44 ಪಟ್ಟು. ಇದು ನಾವು ಪಿಯುಸಿಯಲ್ಲೇ ಬರೆದು ಮಾರ್ಕ್ಸ್ ತಗೊಂಡ ಲೆಕ್ಕ!

ಮೀಟರಿಗೆ ಗೊತ್ತಾಗೋದು ಚಕ್ರ ಎಷ್ಟು ಸಲ ಸುತ್ತಿತು ಅನ್ನೋದಷ್ಟೇ. ಒಂದು ಸುತ್ತಿಗೆ ಎಷ್ಟು ದೂರ ಅಂತ ನಾವೇ ಹೇಳಬೇಕು. ಅದರಲ್ಲಿ ಮೊದಲೇ ಇದ್ದ ಸೆಟ್ಟಿಂಗ್ 1560 ಮಿಲಿಮೀಟರ್. ಟೈರಿಗೆ ಗಾಳಿ ಸರಿಯಾಗಿ ತುಂಬಿಸಿ, ಸೀಟಿನ ಮೇಲೆ ಒಬ್ಬನನ್ನು ಕೂರಿಸಿ, ಚಾಕ್‌ಪೀಸಲ್ಲಿ ಗುರುತು ಹಾಕಿ ಐದು ಸುತ್ತು ತಳ್ಳಿದ್ವಿ: 9.35 ಮೀಟರ್. ಅಂದ್ರೆ ಸುತ್ತಿಗೆ 1870. ಕಾರ್ಬುರೇಟರ್ ಪಾಪ, ಏನೂ ಮಾಡಿರಲಿಲ್ಲ.

ಕೇಬಲ್ ಮೀಟರ್ ಹಾಕೋರು ಡಯಲ್ಲಿನ ಮೇಲೆ ಸಣ್ಣಕ್ಕೆ ಬರೆದಿರೋ 1400ರಂಥ ಸಂಖ್ಯೆ ನೋಡಿ. ಕಿಲೋಮೀಟರಿಗೆ ಕೇಬಲ್ ಅಷ್ಟು ಸುತ್ತಬೇಕು. ಹಳೆಯದರಲ್ಲಿ ಇದ್ದ ಸಂಖ್ಯೆಯೇ ಹೊಸದರಲ್ಲೂ ಇರಲಿ. ಹೈವೇ ಕಲ್ಲು ನೋಡ್ಕೊಂಡು ಹತ್ತು ಕಿಲೋಮೀಟರ್ ಹೋಗಿ: ಓಡೋಮೀಟರ್ ಸರಿ ಇದ್ದು ಮುಳ್ಳು ಮಾತ್ರ ತಪ್ಪಿದ್ರೆ ಒಳಗಿನ ಸ್ಪ್ರಿಂಗೋ ಮ್ಯಾಗ್ನೆಟ್ಟೋ ಕೆಟ್ಟಿದೆ. ಎರಡೂ ಒಂದೇ ಲೆಕ್ಕದಲ್ಲಿ ತಪ್ಪಿದ್ರೆ ಮೀಟರೇ ಆ ಗಾಡಿಯದ್ದಲ್ಲ.

'ಅಂದಾಜಿಗೆ ಸಾಕು ಬಿಡ್ರೋ' ಅನ್ನೋರಿಗೆ ಒಂದು ಮಾತು. ವಿಶ್ವಸಂಸ್ಥೆಯ 39ನೇ ವಾಹನ ನಿಯಮದ ಪ್ರಕಾರ ಮೀಟರ್ ನಿಜವಾದ ವೇಗಕ್ಕಿಂತ ಸ್ವಲ್ಪ ಹೆಚ್ಚು ತೋರಿಸಬಹುದು, ಕಡಿಮೆ ತೋರಿಸುವಂತಿಲ್ಲ. ನಮ್ಮದು ತೋರಿಸ್ತಿದ್ದದ್ದು ಕಡಿಮೆ.

ಈಗ 1870 ಹಾಕಿದ್ದೀವಿ. ಜೂನಿಯರ್‌ಗೆ ಮಸಾಲೆದೋಸೆ ಕೊಡಿಸಿ ಸಾರಿ ಕೇಳಿದ್ವಿ. ಎರಡು ತಿಂದ.