ಪ್ರಾರ್ಥನೆಗೆ ವಿನಾಯಿತಿ ಇರಲಿ, ಬಾಡಿಗೆಗೆ ಬೇಡ

ಸಿದ್ದಾಪುರದಲ್ಲಿ ನಮ್ಮಪ್ಪನದು ಹತ್ತಡಿ ಅಗಲದ ಜೆರಾಕ್ಸ್ ಅಂಗಡಿ. ಆಸ್ತಿ ತೆರಿಗೆ ಏರಿದಾಗಲೆಲ್ಲ ಮಾಲೀಕರು ಬಾಡಿಗೆ ಏರಿಸುತ್ತಾರೆ. ಹಾಗಾಗಿ, ‘ಚರ್ಚು, ಗುಡಿ, ಮಸೀದಿಗೇಕೆ ತೆರಿಗೆ ಇಲ್ಲ?’ ಎಂಬುದು ನಮ್ಮ ಮನೆಯಲ್ಲಿ ಊಟದ ಹೊತ್ತಿನ ವಾದ.

1976ರ ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆಯ ಕಾಲದಿಂದಲೂ ಸಾರ್ವಜನಿಕ ಪೂಜಾ ಸ್ಥಳಗಳಿಗೆ ಆಸ್ತಿ ತೆರಿಗೆ ವಿನಾಯಿತಿ ಇದೆ. ಅದು ಸರಿ ಎನ್ನುತ್ತೇನೆ ನಾನು. ಬೆಂಗಳೂರಿನ ಜಾಗದ ಬೆಲೆಗೆ ತಕ್ಕ ತೆರಿಗೆ ಕಟ್ಟಬೇಕೆಂದರೆ ಮೊದಲು ಬಾಗಿಲು ಹಾಕುವುದು ಕಾಣಿಕೆ ಡಬ್ಬಿಯ ಚಿಲ್ಲರೆಯಲ್ಲಿ ದೀಪ ಹಚ್ಚುವ ಗಲ್ಲಿಯ ಗುಡಿ, ಕೂಲಿಯವರೇ ಸೇರುವ ಪುಟ್ಟ ಚರ್ಚು. ಶ್ರೀಮಂತ ಸಂಸ್ಥೆಗಳಲ್ಲ.

ಆದರೆ ಅದೇ ಆವರಣದ ಮದುವೆ ಹಾಲ್, ಬಾಡಿಗೆ ಮಳಿಗೆ, ದುಡ್ಡಿನ ಪಾರ್ಕಿಂಗ್? ಅಲ್ಲಿ ನಡೆಯುವುದು ವ್ಯಾಪಾರ. ಎದುರಿನ ಅಂಗಡಿಯಂತೆ ಅದೂ ತೆರಿಗೆ ಕಟ್ಟಲಿ. ‘ಆ ಹಣದಿಂದಲೇ ಅನ್ನದಾನ, ಶಾಲೆ ನಡೆಯುತ್ತದೆ’ ಎನ್ನುವವರಿದ್ದಾರೆ. ನಡೆಯುತ್ತಿದ್ದರೆ ಲೆಕ್ಕ ತೋರಿಸಲು ಅಂಜಿಕೆ ಏಕೆ? ವಿನಾಯಿತಿ ಬೇಕಾದ ಟ್ರಸ್ಟ್ ಆದಾಯದ ಶೇ 85ರಷ್ಟನ್ನು ತನ್ನ ಉದ್ದೇಶಕ್ಕೇ ಬಳಸಬೇಕು ಎಂದು ಆದಾಯ ತೆರಿಗೆ ಕಾನೂನೇ ಹೇಳುತ್ತದೆ. ಪಾಲಿಕೆಯೂ ಎಲ್ಲ ಧರ್ಮದವರಿಂದ ಹಾಗೆಯೇ ಲೆಕ್ಕ ಕೇಳಲಿ.

ಬೀದಿ ದೀಪ, ಚರಂಡಿ, ಕಸದ ಗಾಡಿ ಎಲ್ಲರಿಗೂ ಬೇಕು. ಒಬ್ಬರು ಕಟ್ಟದೆ ಬಿಟ್ಟದ್ದು ಇನ್ನೊಬ್ಬರ ತಲೆಗೆ ಬರುತ್ತದೆ. ನಮ್ಮಲ್ಲಿ ಅದು ಅಪ್ಪನ ಗಲ್ಲಾಪೆಟ್ಟಿಗೆಯಿಂದ ಹೋಗುತ್ತದೆ.