ಒಡೆದ ಒಡ್ಡಿಗೂ ಒಂದು ಲೆಕ್ಕ ಇರಲಿ



ಡೇರಿಯಲ್ಲಿ ಹಾಲು ನೂರು ಮಿಲಿ ಕಡಿಮೆ ಬರೆದರೂ ನಾವು ಬಿಡುವುದಿಲ್ಲ. ಸ್ಲಿಪ್ ನೋಡುತ್ತೇವೆ, ಫ್ಯಾಟ್ ಯಾಕೆ ಇಳಿಯಿತು ಎಂದು ಕೇಳುತ್ತೇವೆ, ಬೇಕಾದರೆ ಕಾರ್ಯದರ್ಶಿಯ ಜೊತೆ ವಾದಕ್ಕೂ ನಿಲ್ಲುತ್ತೇವೆ. ಆದರೆ ಒಂದೇ ರಾತ್ರಿಯ ಮಳೆಗೆ ಒಡ್ಡು ಒಡೆದು ಮೇವಿನ ತಾಕು ಹಳ್ಳದ ಪಾಲಾದರೆ, ಹಣೆಬರಹ ಎಂದು ಸುಮ್ಮನಾಗುತ್ತೇವೆ. ಎಷ್ಟು ಹೋಯಿತು, ಯಾವ ದಿನ ಹೋಯಿತು ಎಂದು ಬರೆದಿಡುವವರಿಲ್ಲ. ಹಾಲಿಗೆ ಇರುವ ಲೆಕ್ಕ ಮಣ್ಣಿಗೆ ಯಾಕಿಲ್ಲ?

ತಂಗಡಗಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೇಲೆ ಆಲಮಟ್ಟಿ, ಕೆಳಗೆ ನಾರಾಯಣಪುರ, ನಡುವೆ ನಾವು. ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಜೋರಾದರೆ ಇಲ್ಲಿ ಬಿಸಿಲಿದ್ದರೂ ಕೃಷ್ಣೆ ಏರುತ್ತಾಳೆ. 2019ರ ಆಗಸ್ಟ್‌ನಲ್ಲಿ ಕಂಡಿದ್ದೇವೆ. ತಾಳಿಕೋಟೆ ಕಡೆಯವರದು ಬೇರೆ ಪಾಡು. ಡೋಣಿ ಬೆಳೆದರೆ ಓಣಿ ತುಂಬ ಜೋಳ ಎನ್ನುತ್ತಿದ್ದರು ಹಿರಿಯರು. ಈಗ ಡೋಣಿಯ ಪಾತ್ರದಲ್ಲಿ ಹೂಳು ತುಂಬಿ ಜಾಲಿ ಬೆಳೆದಿದೆ. ದೊಡ್ಡ ಮಳೆ ಬಂತೆಂದರೆ ನೀರು ಹೊಲಕ್ಕೆ ಹರಡುತ್ತದೆ, ಇಳಿಯುವಾಗ ಕೆಸರು ಬಿಟ್ಟು ಹೋಗುತ್ತದೆ.

2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳ ಮಳೆಯನ್ನು ನೆನೆಯಿರಿ. ಉತ್ತರ ಕರ್ನಾಟಕದಲ್ಲಿ 200ಕ್ಕೂ ಹೆಚ್ಚು ಜನ ಸತ್ತರು. ಅನೇಕರು ಸತ್ತದ್ದು ನೆನೆದ ಮಣ್ಣಿನ ಗೋಡೆ, ಮಾಳಿಗೆಗಳ ಅಡಿಯಲ್ಲಿ. ನಮ್ಮ ಎರೆ ಮಣ್ಣಿನ ಗುಣವೇ ಹಾಗೆ: ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಅದರ ಮೇಲಿನ ದನದ ಮನೆಯ ಗೋಡೆ ಪ್ರತಿ ವರ್ಷ ಸ್ವಲ್ಪ ಸ್ವಲ್ಪ ಸರಿಯುತ್ತಿರುತ್ತದೆ. ಬಾವಿಯ ದಂಡೆಯೂ ಹಾಗೆಯೇ. ಒಂದು ದಿನ ಬೀಳುವ ಗೋಡೆ ಎರಡು ಮೂರು ವರ್ಷ ಮೊದಲೇ ಬಿರುಕು ತೋರಿಸಿರುತ್ತದೆ, ನಾವು ಅದಕ್ಕೆ ಸೆಗಣಿ ಸಾರಿಸಿ ಮರೆತಿರುತ್ತೇವೆ.

ಈಗ ದುಡ್ಡಿನ ಮಾತು. ವಿಪತ್ತು ಪರಿಹಾರಕ್ಕೆ ಕೇಂದ್ರ ಸರ್ಕಾರ 2022ರಲ್ಲಿ ಪರಿಷ್ಕರಿಸಿದ ದರಗಳಲ್ಲಿ ಹೊಲದ ಹೂಳು ತೆಗೆಯಲು ಹೆಕ್ಟೇರಿಗೆ 18,000 ರೂಪಾಯಿ ಇದೆ. ಆದರೆ ಹೂಳು ಮೂರು ಇಂಚಿಗಿಂತ ದಪ್ಪ ಇರಬೇಕು, ಅಧಿಕಾರಿ ಅದನ್ನು ದೃಢೀಕರಿಸಬೇಕು. ನದಿ ಪಾತ್ರ ಬದಲಿಸಿ ಭೂಮಿಯನ್ನೇ ಕೊಂಡೊಯ್ದರೆ ಸಣ್ಣ ಮತ್ತು ಅತಿ ಸಣ್ಣ ರೈತರಿಗೆ ಹೆಕ್ಟೇರಿಗೆ 47,000. ಹಾಲು ಕೊಡುವ ಎಮ್ಮೆ, ಆಕಳು ಸತ್ತರೆ ತಲಾ 37,500, ಹೆಚ್ಚೆಂದರೆ ಮೂರಕ್ಕೆ. ನಷ್ಟ ತುಂಬುವಷ್ಟು ಹಣ ಇದಲ್ಲ, ಒಪ್ಪುತ್ತೇನೆ. ಅದೂ ಸಿಗಬೇಕಾದರೆ ಗುರುತು ಉಳಿದಿರಬೇಕು. ಸಮೀಕ್ಷೆಯವರು ಬರುವಷ್ಟರಲ್ಲಿ ನಾವು ಕುಂಟೆ ಹೊಡೆದು ಹೊಲ ಸಮ ಮಾಡಿರುತ್ತೇವೆ. ಮೂರು ಇಂಚು ಇತ್ತೋ ಒಂದೇ ಇತ್ತೋ, ಯಾರು ಹೇಳಬೇಕು?

ಅಳೆಯುವುದಕ್ಕೆ ಇಂಜಿನಿಯರ್ ಬೇಕಿಲ್ಲ. ಹೂಳಿನಲ್ಲಿ ಕಡ್ಡಿ ಚುಚ್ಚಿ, ಹಳೆಯ ಗಟ್ಟಿ ಮಣ್ಣು ತಗುಲಿದಲ್ಲಿ ನಿಲ್ಲಿಸಿ, ತೆಗೆದು ನೋಡಿ. ನಾಲ್ಕು ಬೆರಳಿನ ಅಗಲ ಸುಮಾರು ಮೂರು ಇಂಚು. ಒಂದೇ ಕಡೆ ಅಲ್ಲ, ಹೊಲದ ನಾಲ್ಕೈದು ಕಡೆ ಚುಚ್ಚಬೇಕು. ದಂಡೆ ಕುಸಿದಿದ್ದರೆ ಅಲುಗದ ಒಂದು ಗುರುತು ಹಿಡಿಯಿರಿ, ಬಾಂದುಕಲ್ಲೋ ಕರೆಂಟ್ ಕಂಬವೋ. ಅಲ್ಲಿಂದ ದಂಡೆಯ ಅಂಚಿಗೆ ಹಗ್ಗದಿಂದ ಅಳೆದು ಬರೆದಿಡಿ. ಅಂಚಿನ ತುದಿಗೆ ಮಾತ್ರ ಹೋಗಬೇಡಿ, ಕುಸಿದ ದಂಡೆ ಮತ್ತೆ ಕುಸಿಯುತ್ತದೆ. ಫೋಟೋ ತೆಗೆಯುವಾಗ ಪಕ್ಕದಲ್ಲಿ ಹಾಲಿನ ಕ್ಯಾನ್ ಇಡಿ. ಕೊರಕಲು ಎಷ್ಟು ಆಳ ಎಂದು ನೋಡಿದವರಿಗೆ ತಿಳಿಯುತ್ತದೆ. ದನ ಸತ್ತಿದ್ದರೆ ಕಿವಿಯೋಲೆಯ ಹನ್ನೆರಡು ಅಂಕಿ ಕಾಣುವಂತೆ ಫೋಟೋ ಇರಲಿ, ಪಶುವೈದ್ಯರು ಬರುವ ಮುಂಚೆ ಹೂಳಬೇಡಿ.

ಇದೆಲ್ಲ ಗ್ರಾಮ ಆಡಳಿತ ಅಧಿಕಾರಿಯ ಕೆಲಸವಲ್ಲವೇ ಎನ್ನಬಹುದು. ಹೌದು. ಅವರಿಗೆ ಒಂದಕ್ಕಿಂತ ಹೆಚ್ಚು ಊರು, ನಮಗೆ ಒಂದೇ ಹೊಲ. 2018ರಲ್ಲಿ ಕೊಡಗಿನ ಗುಡ್ಡಗಳು ಕುಸಿದ ಮೇಲೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯವರು ಕುಸಿದ ಜಾಗಗಳನ್ನು ನೋಡಿ ದಾಖಲಿಸಿದರು. ಮನೆ, ರಸ್ತೆಗೆಂದು ಇಳಿಜಾರು ಕಡಿದದ್ದೂ ಕಾರಣವೆಂದು ಕಂಡದ್ದು ಹಾಗೆ ದಾಖಲಿಸಿದ್ದರಿಂದ. ನಮ್ಮ ಬಯಲು ಸೀಮೆಯ ಒಂದು ಒಡ್ಡು, ಒಂದು ಬಾವಿ ಕುಸಿದರೆ ಅಂಥ ತಂಡ ಬರುವುದಿಲ್ಲ. ಆದರೂ ಐದು ವರ್ಷದ ಲೆಕ್ಕ ಜೊತೆಗಿಟ್ಟು ನೋಡಿದರೆ ಪ್ರತಿ ಸಲ ಯಾವ ಮೂಲೆ ಕೊರೆಯುತ್ತಿದೆ ಎಂದು ಗೊತ್ತಾಗುತ್ತದೆ. ಬಣವೆ ಎಲ್ಲಿ ಒಟ್ಟಬಾರದು, ದನದ ಮನೆ ಎಲ್ಲಿ ಕಟ್ಟಬಾರದು, ಉದ್ಯೋಗ ಖಾತ್ರಿಯಲ್ಲಿ ಯಾವ ಒಡ್ಡು ಮೊದಲು ಹಾಕಿಸಬೇಕು ಎಂದು ಗ್ರಾಮಸಭೆಯಲ್ಲಿ ಹೇಳಲು ನಮ್ಮ ಕೈಯಲ್ಲಿ ಏನಾದರೂ ಇರುತ್ತದೆ.

ಇನ್ನೊಂದು ಮಾತು, ಸ್ವಲ್ಪ ಖಾರ. ಉತಾರದಲ್ಲಿ ನಮ್ಮಲ್ಲಿ ಎಷ್ಟು ಜನರ ಹೆಸರಿದೆ? ಹೊಲ ಗಂಡನದೋ ಮಾವನದೋ, ಪರಿಹಾರವೂ ಅವರ ಖಾತೆಗೇ. ಆ ಬದುವಿನ ಹುಲ್ಲಿನಿಂದ ಎಮ್ಮೆ ಸಾಕಿದವಳ ನಷ್ಟ ಯಾವ ಕಾಗದದಲ್ಲೂ ಇರುವುದಿಲ್ಲ. ಲಾವಣಿಗೆ ಹೊಲ ಮಾಡುವವಳದಂತೂ ಕೇಳಲೇಬೇಡಿ. ಅದಕ್ಕೇ ಈ ಲೆಕ್ಕವನ್ನು ಹೊಲದ ಮಾಲೀಕನ ಹೆಸರಿನಲ್ಲಿ ಅಲ್ಲ, ಹಾಲು ಹಾಕುವವಳ ಹೆಸರಿನಲ್ಲಿ ಬರೆಯಬೇಕು ಎನ್ನುತ್ತೇನೆ. ಮೇವಿನ ತಾಕು ಹೋಯಿತು, ಆ ವಾರ ಹಾಲು ಇಷ್ಟು ಇಳಿಯಿತು ಎಂದು. ಹಾಲು ಇಳಿದದ್ದಕ್ಕೆ ಡೇರಿಯ ಪುಸ್ತಕವೇ ಸಾಕ್ಷಿ.

ಪ್ರತಿ ಮಹಿಳಾ ಸಂಘದಲ್ಲಿ ಇದಕ್ಕೊಂದು ಬೇರೆ ರಿಜಿಸ್ಟರ್ ಇಡಲು ಒಕ್ಕೂಟ ಹೇಳಬೇಕು. ಮಳೆ ನಿಂತ ಮರುದಿನ ಹಾಲು ಹಾಕಲು ಬಂದಾಗಲೇ ಅದರಲ್ಲಿ ಬರೆಸಿ. ಬರೆಯಲು ಬಾರದಿದ್ದರೆ ಶಾಲೆಗೆ ಹೋಗುವ ಮಗಳನ್ನು ಕರೆತನ್ನಿ, ಫೋಟೋ ಅವಳೇ ತೆಗೆಯುತ್ತಾಳೆ. ಮುಂದಿನ ಸಭೆಯಲ್ಲಿ ಈ ವಿಷಯ ಯಾರಾದರೂ ಎತ್ತುತ್ತೀರಾ?